ಸಾಮ, ದಾನ, ಪೇಢಾ, ದಂಡ

"ಇವತ್ತಿನಿಂದ ಈ ಮನ್ಯಾಗ ಬೈಗುಳ ಬಂದ್! ಹೊಡೆತ ಬಂದ್! ಕಣ್ಣು ಕೆಕ್ಕರಿಸೋದು ಸುದ್ದಾ ಬಂದ್!"

ನಿಜಲಿಂಗಪ್ಪನವರು ಹೊಸ್ತಿಲ ಮೇಲೆ ನಿಂತು, ಬೂಟೂ ಬಿಚ್ಚದೆ, ಕೈಯಲ್ಲಿನ ಬ್ಯಾಗನ್ನೂ ಕೆಳಗಿಡದೆ ಹೀಗೆ ಸಾರಿದಾಗ ಖಡಕಿಯ ಆ ಎರಡು ಖೋಲಿಯ ಮನೆಯಲ್ಲಿ ಮೂರು ಜೀವಗಳಿದ್ದವು. ಹೆಂಡತಿ ನೀಲಿಮಾ ರೊಟ್ಟಿ ಬಡಿಯುತ್ತಿದ್ದಳು. ತಾಯಿ ಕಾಶವ್ವ ಬಟಾಣಿ ಸುಲಿಯುತ್ತ, ಸುಲಿದದ್ದರಲ್ಲಿ ಅರ್ಧ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮೂರನೆಯ ಇಯತ್ತೆಯ ಮಗಳು ರೇಣು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹಾಲು ಕುಡಿದೆನೆಂದು ಹೇಳಿ, ಅದನ್ನು ಮನಿಪ್ಲಾಂಟಿನ ಕುಂಡಕ್ಕೆ ಕುಡಿಸಿದ್ದು ಆಗಷ್ಟೇ ಪತ್ತೆಯಾಗಿತ್ತು.

"ಯಾಕ್ರಿ, ಜ್ವರಾ ಬಂದಾವೇನು?" ಅಂದಳು ನೀಲಿಮಾ.

ಜ್ವರ ಬಂದಿರಲಿಲ್ಲ, ಜ್ಞಾನ ಬಂದಿತ್ತು. ತಳೇಗಾಂವದ ಒಂದು ಪಂಪಿನ ಕಾರ್ಖಾನೆಯಲ್ಲಿ ಕಾಮಗಾರರ ಹಾಜರಿ, ರಜೆ, ಜಗಳ ಇವನ್ನು ನೋಡಿಕೊಳ್ಳುವ ಹಿರಿಯ ಗುಮಾಸ್ತರು ನಿಜಲಿಂಗಪ್ಪ. ಕಂಪನಿ ಅವರನ್ನು ಎರಡು ದಿನದ ತರಬೇತಿಗೆಂದು ಲೋಣಾವಳಾಕ್ಕೆ ಕಳಿಸಿತ್ತು. ಅಲ್ಲಿ ಟೈ ಕಟ್ಟಿದ ಒಬ್ಬ ಮಹಾಶಯರು ಪರದೆಯ ಮೇಲೆ ಬಿಳಿ ಇಲಿಗಳ ಚಿತ್ರ ತೋರಿಸಿದ್ದರು. ಗುಂಡಿ ಒತ್ತಿದ್ದಕ್ಕೆ ಕಾಳು ಸಿಕ್ಕ ಇಲಿ ಮತ್ತೆ ಮತ್ತೆ ಗುಂಡಿ ಒತ್ತಿತಂತೆ. ಕರೆಂಟು ಹೊಡೆಸಿಕೊಂಡ ಇಲಿ ಮೂಲೆ ಹಿಡಿದು ಕೂತು, ಯಾವ ಕೆಲಸವೂ ಬೇಡವೆಂದು ಸಂನ್ಯಾಸ ತಗೊಂಡಿತಂತೆ. ಅದನ್ನು ಕೇಳಿದ ಗಳಿಗೆಯಿಂದ ನಿಜಲಿಂಗಪ್ಪನವರಿಗೆ ಜಗತ್ತಿನ ಬೀಗದಕೈ ಸಿಕ್ಕಂತಾಗಿತ್ತು!

"ನೋಡು ನೀಲಿಮಾ, ಶಿಕ್ಷಾ ಕೊಟ್ರ ಇಲಿ ಹೆದರತದ, ಕಲಿಯೂದಿಲ್ಲ. ಬಹುಮಾನ ಕೊಟ್ರ ಇಲಿ ಕಲೀತದ."

"ಲೋಣಾವಳಾಕ್ಕ ಹೋದ ಮಂದಿ ಚಿಕ್ಕಿ ತರ್ತಾರ. ನೀವು ಇಲಿ ತಂದ್ರಿ!"

"ಚೇಷ್ಟಿ ಅಲ್ಲಿದು, ಸೈನ್ಸು!"

"ನಮ್ಮಪ್ಪ ಧಾರವಾಡದಾಗ ಮೂವತ್ತು ವರ್ಷ ಮಾಸ್ತರಿಕಿ ಮಾಡಿದರು. ಅವರ ಕೈಯಾಗಿನ ಹುಣಸಿ ಬರಲು ನೋಡಿ ಇಡೀ ಓಣಿ ಮಗ್ಗಿ ಕಲೀತು. ಒಂದು ಇಲಿನೂ ಬೇಕಾಗಲಿಲ್ಲ."

ವಾದ ಬೆಳೆಯಿತು, ರೊಟ್ಟಿ ಕರಕಾಯಿತು. ಕಡೆಗೆ ಒಂದು ಒಪ್ಪಂದವಾಯಿತು. ರೇಣುವಿಗೆ ಇದ್ದ ದೊಡ್ಡ ಚಾಳಿ ಸುಳ್ಳು ಹೇಳುವುದು. ಆ ಚಾಳಿ ಬಿಡಿಸಲು ಮನೆಯಲ್ಲಿ ಏಕಕಾಲಕ್ಕೆ ಎರಡು ಸರ್ಕಾರ ನಡೆಯತಕ್ಕದ್ದು. ತಪ್ಪು ಎಂಥದೇ ಇರಲಿ, ಖರೇ ಹೇಳಿ ಒಪ್ಪಿಕೊಂಡರೆ ಅಪ್ಪನಿಂದ ಒಂದು ಪೇಢಾ, ಬೈಗುಳ ಇಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅವ್ವನಿಂದ ಶಿಕ್ಷೆ, ಅಪ್ಪ ನಡುವೆ ಬಾಯಿ ಹಾಕುವಂತಿಲ್ಲ.

"ಯಾರದು ನಡೀತದ ನೋಡೇ ಬಿಡೂಣು," ಅಂದಳು ನೀಲಿಮಾ. "ನಮ್ಮ ಹಿರ್ಯಾರು ಸಾಮ, ದಾನ, ಭೇದ, ದಂಡ ಅಂದ್ರು. ನಿಮ್ಮದು ಸಾಮ, ದಾನ, ಪೇಢಾ!"

"ದಂಡ ನಿನ್ನ ಕಡೆನ ಅದಲ್ಲ!" ಎಂದು ನಿಜಲಿಂಗಪ್ಪನವರು ನಕ್ಕರು. ಆ ನಗೆಯಲ್ಲಿ ಗೆದ್ದವರ ಕಳೆ ಇತ್ತು.

ಗೋಡೆಯ ಕಡೆ ಮುಖ ಮಾಡಿದ್ದ ರೇಣು ಮೆಲ್ಲಗೆ ತಿರುಗಿದಳು. "ಅಪ್ಪಾ, ಇವತ್ತಿನ ಹಾಲು ನಾನ ಚೆಲ್ಲೀನಿ. ನಿನ್ನೀದೂ ನಾನ. ಮೊನ್ನೀದೂ ನಾನ."

ನಿಜಲಿಂಗಪ್ಪನವರು ಬ್ಯಾಗನ್ನು ಹೊಸ್ತಿಲಲ್ಲೇ ಇಟ್ಟರು. ಹತ್ತು ನಿಮಿಷವೂ ಆಗಿಲ್ಲ, ಹರಿಶ್ಚಂದ್ರನ ವಂಶ ಬೆಳಗತೊಡಗಿದೆ! ಬೂಟು ಹಾಕಿದ್ದ ಕಾಲಲ್ಲೇ ಖಡಕಿ ಬಜಾರಕ್ಕೆ ಹೋಗಿ ಒಂದು ದೊಡ್ಡ ಡಬ್ಬಿ ಮಲಾಯಿ ಪೇಢಾ ತಂದರು.

ಮೊದಲ ವಾರ ಪೇಢಾ ಸರ್ಕಾರ ಭರ್ಜರಿಯಾಗಿ ನಡೆಯಿತು. ಸಂಜೆ ಲೋಕಲ್ ರೈಲಿನಿಂದ ಇಳಿದು ಮನೆಗೆ ಬಂದರೆ ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಮೊದಲೆಲ್ಲ "ಏನು ಮಾಡೀಯೇ?" ಎಂದು ಕೇಳಿದರೆ "ನಾ ಅಲ್ಲ, ಬೆಕ್ಕು" ಅನ್ನುತ್ತಿದ್ದ ಹುಡುಗಿ ಈಗ ಕೇಳುವ ಮುಂಚೆಯೇ ಒದರುತ್ತಿದ್ದಳು. "ಅಪ್ಪಾ, ಅಜ್ಜಿ ಚಷ್ಮಾ ಫ್ರಿಜ್ಜಿನ್ಯಾಗ ನಾನ ಇಟ್ಟೀನಿ!" ಪೇಢಾ. "ಅಪ್ಪಾ, ನಿನ್ನ ಹಲ್ಲುಜ್ಜೂ ಪೇಸ್ಟು ಪೂರಾ ಹಿಂಡಿ ಕನ್ನಡಿಗೆ ಹಚ್ಚೀನಿ!" ಪೇಢಾ.

ನಿಜಲಿಂಗಪ್ಪನವರು ಸತ್ಯದ ಬೆಳೆ ನೋಡಿ ಹಿಗ್ಗಿದರು. ತಪ್ಪಿನ ಬೆಳೆಯೂ ಅದೇ ಹೊಲದಲ್ಲಿ ಎದೆಯೆತ್ತರ ಬೆಳೆಯುತ್ತಿದೆ ಎಂಬುದು ಅವರ ಲಕ್ಷ್ಯಕ್ಕೆ ಬರಲಿಲ್ಲ. ಲಕ್ಷ್ಯಕ್ಕೆ ಬಂದದ್ದು ಒಂದು ಸಂಜೆ ರೇಣು ಬಾಗಿಲಲ್ಲಿ ಮುಖ ಸಪ್ಪಗೆ ಮಾಡಿಕೊಂಡು ನಿಂತಾಗ.

"ಯಾಕ ಪುಟ್ಟಿ?"

"ಇವತ್ತ ಒಂದೂ ತಪ್ಪು ಆಗಿಲ್ಲ ಅಪ್ಪಾ."

"ಭೇಷ್! ಶಾಣ್ಯಾಕಿ!"

"ಹಂಗಾರ ಪೇಢಾ?"

ಒಪ್ಪಂದದ ಪ್ರಕಾರ ಒಪ್ಪಿಕೊಳ್ಳಲು ತಪ್ಪು ಬೇಕು. ತಪ್ಪೇ ಇಲ್ಲದವಳಿಗೆ ಏನು ಕೊಡಬೇಕೆಂದು ಲೋಣಾವಳಾದಲ್ಲಿ ಯಾರೂ ಹೇಳಿರಲಿಲ್ಲ. ನಿಜಲಿಂಗಪ್ಪನವರು ತಲೆ ಕೆರೆದುಕೊಳ್ಳುತ್ತಿರುವಾಗ ರೇಣು "ಒಂದು ನಿಮಿಷ ನಿಲ್ಲಪ್ಪಾ" ಎಂದು ಒಳಗೆ ಓಡಿದಳು. ಒಳಗೆ ಕತ್ತರಿಯ ಸದ್ದಾಯಿತು. ಹೊರಗೆ ಬಂದು ನಗುನಗುತ್ತ ಕೈಚಾಚಿದಳು.

"ಅಪ್ಪಾ, ಗೊಂಬಿಗೆ ಪರಕರ ಹೊಲೀಲಿಕ್ಕೆ ಮಮ್ಮಿದು ಹೊಸಾ ರೇಷ್ಮಿ ಜಂಪರ್ ಕತ್ತರಿಸೀನಿ!"

ಅಡುಗೆಮನೆಯಿಂದ ನೀಲಿಮಾ ಬಂದ ರಭಸಕ್ಕೆ ಕ್ಯಾಲೆಂಡರು ಗೋಡೆ ಬಿಟ್ಟು ಹಾರಿತು. ಅದು ತಂಗಿಯ ಸೀಮಂತಕ್ಕೆಂದು ಹೊಲಿಸಿದ ಜಂಪರು. ಒಂದು ತೋಳು ಮಾತ್ರ ಉಳಿದಿತ್ತು.

"ಈಗೇನು ಮಾಡ್ತೀರಿ?"

"ಆಕಿ ಖರೇ ಹೇಳ್ಯಾಳ..." ಅಂದರು ನಿಜಲಿಂಗಪ್ಪ, ಧ್ವನಿ ತಗ್ಗಿಸಿ.

"ಹಂಗಾರ ಕೊಡ್ರಿ ಪೇಢಾ! ನನ್ನ ಕಣ್ಣ ಮುಂದ ಕೊಡ್ರಿ ನೋಡೂಣು!"

ಒಂದು ಕಡೆ ಸಿದ್ಧಾಂತ, ಇನ್ನೊಂದು ಕಡೆ ಸಂಸಾರ. ನಿಜಲಿಂಗಪ್ಪನವರು ಪೇಢಾ ಕೊಟ್ಟರು. ಆ ರಾತ್ರಿ ಅವರಿಗೆ ಊಟಕ್ಕೆ ಪೇಢಾವೇ ಗತಿಯಾಯಿತು.

ಇದನ್ನೆಲ್ಲ ಬಟಾಣಿ ಸುಲಿಯುತ್ತ ನೋಡುತ್ತಿದ್ದವಳು ಕಾಶವ್ವ. ಆಕೆಗೆ ಸಕ್ಕರೆ ರೋಗ. ಸಿಹಿಯ ವಾಸನೆಯನ್ನೂ ದೂರದಿಂದ ತಗೊಳ್ಳಬೇಕೆಂದು ಡಾಕ್ಟರರ ಅಪ್ಪಣೆಯಾಗಿತ್ತು. ಮರುದಿನ ಸಂಜೆ ಮೊಮ್ಮಗಳ ಪಕ್ಕದಲ್ಲಿ ಅಜ್ಜಿಯೂ ಬಾಗಿಲಲ್ಲಿ ನಿಂತಿದ್ದಳು.

"ತಮ್ಮಾ, ಒಂದು ಖರೇ ಹೇಳಲೇನು?"

"ಹೇಳವ್ವಾ."

"ಮಧ್ಯಾಹ್ನ ನೀಲಿಮಾ ನೀರು ತುಂಬಾಕ ಹೋದಾಗ ಡಬ್ಬ್ಯಾಗಿನ ಪೇಢಾ ತಿಂದೀನಿ. ತಪ್ಪಾತು. ಈಗ ಕೊಡು."

"ಏನು ಕೊಡಲಿ?"

"ಪೇಢಾ!"

"ಅವ್ವಾ, ನಿನಗ ಸಕ್ಕರಿ ರೋಗ ಐತಿ!"

"ರೋಗಾನೂ ಸುಳ್ಳಲ್ಲ, ನನ್ನ ಮಾತೂ ಸುಳ್ಳಲ್ಲ. ಕೂಸಿಗೊಂದು ನ್ಯಾಯ, ಮುದಿಕಿಗೊಂದು ನ್ಯಾಯ ಏನೋ? ನಿನ್ನ ಹೆಸರಿನ್ಯಾಗ ನಿಜ ಇಟ್ಟಾಕಿ ನಾನ!"

ನಿಜಲಿಂಗಪ್ಪನವರು ಬೆವತು, ಅರ್ಧ ಪೇಢಾ ಮುರಿದುಕೊಟ್ಟರು. ಕಾಶವ್ವ ಅದನ್ನು ಬಾಯಲ್ಲಿಟ್ಟು, ಕಣ್ಣು ಮುಚ್ಚಿ, ನುಂಗಿ, ಕಣ್ಣು ತೆರೆದು, "ತಮ್ಮಾ, ಸಕ್ಕರಿ ರೋಗ ಇದ್ದೂ ಈಗ ಅರ್ಧ ಪೇಢಾ ತಿಂದೀನಿ. ಒಪ್ಪಿಕೊಂಡೀನಿ" ಎಂದು ಮತ್ತೆ ಕೈ ಮುಂದೆ ಮಾಡಿದಳು.

ಪೇಢಾ ತಿಂದ ತಪ್ಪಿಗೆ ಪೇಢಾ, ಆ ಪೇಢಾ ತಿಂದ ತಪ್ಪಿಗೆ ಇನ್ನೊಂದು ಪೇಢಾ. ಇದಕ್ಕೆ ಕೊನೆ ಎಲ್ಲಿ? ನಿಜಲಿಂಗಪ್ಪನವರು ಡಬ್ಬಿಯನ್ನು ಕಪಾಟಿನ ಮೇಲೆ ಇಟ್ಟರು. ಆ ಇಲಿಗೆ ಒಬ್ಬ ಅವ್ವ ಇದ್ದಿದ್ದರೆ ಆ ಟೈ ಮಹಾಶಯರು ಏನು ಮಾಡುತ್ತಿದ್ದರೋ!

ಇನ್ನು ನೀಲಿಮಾಳ ಸರ್ಕಾರದ ಕಥೆ. ಹೊಡೆಯುವುದಿಲ್ಲವೆಂದು ಆಕೆ ಒಪ್ಪಿಕೊಂಡಿದ್ದಳು. ಆದ್ದರಿಂದ ಸುಳ್ಳಿಗೆ ತಕ್ಕ ಶಿಕ್ಷೆಯನ್ನು ತಾನೇ ಹುಡುಕಿದಳು. ಸುಳ್ಳು ಹೇಳಿದ ದಿನ ಮೇಲಿನ ಮನೆಯ ಸಾವಂತ್ರವ್ವನ ಹತ್ತಿರ ಒಂದು ತಾಸು ಕದಲದೆ ಕೂಡಬೇಕು! ಸಾವಂತ್ರವ್ವ ಬಾಗಲಕೋಟೆ ಕಡೆಯವಳು, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಆಕೆ ಕೆಮ್ಮಿದರೆ ಮೆಟ್ಟಿಲ ಮೇಲೆ ಮಲಗಿದ ನಾಯಿ ಎದ್ದು ದಾರಿ ಬಿಡುತ್ತಿತ್ತು. ಆಕೆ ಬಂದಳೆಂದರೆ ಅಂಗಳದ ಕ್ರಿಕೆಟ್ಟು ತಂತಾನೇ ಡ್ರಾ ಆಗುತ್ತಿತ್ತು.

ಮೊದಲ ಸಲ ರೇಣು ಅಳುತ್ತ ಮೆಟ್ಟಿಲು ಹತ್ತಿದಳು. ಇಳಿಯುವಾಗ ಹಾಡು ಗುನುಗುತ್ತಿದ್ದಳು. ನೀಲಿಮಾ ಅದನ್ನು ಪಶ್ಚಾತ್ತಾಪದ ಹಾಡೆಂದು ತಿಳಿದಳು.

ಮರುದಿನ ರೇಣು ಹಾಲು ಪೂರ್ತಿ ಕುಡಿದು, ತುಟಿಯ ಮೇಲೆ ಬಿಳಿ ಮೀಸೆ ಹೊತ್ತುಕೊಂಡು ಬಂದು, "ಮಮ್ಮಿ, ನಾ ಹಾಲು ಕುಡದಿಲ್ಲ!" ಅಂದಳು.

"ಕುಡದೀಯಲ್ಲ, ಮೀಸಿ ಕಾಣಸ್ತದ!"

"ಹೌದಾ? ಹಂಗಾರ ಸುಳ್ಳು ಹೇಳೀನಿ. ಮ್ಯಾಲೆ ಹೋಗಲೇನು?"

ಉತ್ತರಕ್ಕೂ ಕಾಯದೆ ಚಪ್ಪಲಿ ಮೆಟ್ಟಿ ಓಡಿದಳು. ನೀಲಿಮಾ ಸದ್ದಾಗದಂತೆ ಹಿಂದೆ ಹೋಗಿ ಇಣುಕಿ ನೋಡಿದರೆ ಸಾವಂತ್ರವ್ವನ ಮನೆಯಲ್ಲಿ ಹೊಸ ಕಲರ್ ಟಿವಿ, ಅದಕ್ಕೆ ಕೇಬಲ್ಲು! ಮುಂದೆ ಚಕ್ಕುಲಿಯ ತಾಟು. ಮಾತಾಡಲು ಯಾರೂ ಇಲ್ಲದೆ ಗೋಡೆಯ ಜೊತೆ ಜಗಳಾಡುತ್ತಿದ್ದ ಸಾವಂತ್ರವ್ವ, ರೇಣುವಿನ ಜೊತೆ ಕಾರ್ಟೂನು ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಪಕ್ಕದಲ್ಲಿ ಚಕ್ಕುಲಿ ಮುರಿಯುತ್ತ ಕಾಶವ್ವ!

"ಅತ್ತಿ, ನೀವ್ಯಾಕ ಇಲ್ಲಿ?"

"ನಾನೂ ಸುಳ್ಳು ಹೇಳಿದ್ದೆವ್ವಾ," ಅಂದಳು ಕಾಶವ್ವ ಟಿವಿಯಿಂದ ಕಣ್ಣು ಕೀಳದೆ. "ನೀ ಕೇಳಲಿಲ್ಲ. ನಾನ ಶಿಕ್ಷಾ ತಗೊಂಡೆ."

ಅಂದು ಗಂಡ ಹೆಂಡತಿ ಮೊದಲ ಸಲ ಒಂದೇ ಪಕ್ಷಕ್ಕೆ ಸೇರಿದರು. ಖರೇ ಹೇಳಿದರೆ ಪೇಢಾ, ಸುಳ್ಳು ಹೇಳಿದರೆ ಕಾರ್ಟೂನು. ಹುಡುಗಿಗೆ ಯಾವ ಕಡೆಯಿಂದಲೂ ಲುಕ್ಸಾನವಿಲ್ಲ. ರೇಣು ಈಗ "ಲೋಟ ಒಡದೀನಿ" ಎಂದು ಒಪ್ಪಿಕೊಳ್ಳುತ್ತಿದ್ದಳು. ಲೋಟ ನೋಡಿದರೆ ಗಟ್ಟಿಯಾಗಿ ಇರುತ್ತಿತ್ತು. ಇದು ಖರೇಯೋ ಸುಳ್ಳೋ? ಪೇಢಾ ಕೊಡಬೇಕೋ, ಮೇಲೆ ಕಳಿಸಬೇಕೋ? ಇಬ್ಬರೂ ಲೋಟವನ್ನು ನಡುವೆ ಇಟ್ಟುಕೊಂಡು ಪಂಚಾಯಿತಿಗೆ ಕೂಡುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತಿತ್ತು. ಆದರೆ ನಿಜಲಿಂಗಪ್ಪನವರು ಮೊದಲ ವಾರದ ಹುರುಪಿನಲ್ಲಿ ಕಾರ್ಖಾನೆಯಲ್ಲಿ ಬಾಯಿ ಬಿಟ್ಟಿದ್ದರು.

ಮ್ಯಾನೇಜರ್ ಬಿಂದುಮಾಧವರಾಯರು ವಿಜಾಪುರ ಕಡೆಯವರು. ಬೆಳಗಿನ ಪಾಳಿಗೆ ಕಾಮಗಾರರು ತಡವಾಗಿ ಬರುತ್ತಾರೆಂದು ರೇಗಿ, ತಡಕ್ಕೆ ಹಾಕುವ ದಂಡವನ್ನು ದುಪ್ಪಟ್ಟು ಮಾಡಲು ಹೊರಟಿದ್ದರು. ಹೊಟ್ಟೆಯ ಮೇಲೆ ಹೊಡೆಯುವ ಮಾತು. ಬಡ ಕಾಮಗಾರರ ಮುಖ ನೆನೆದು ನಿಜಲಿಂಗಪ್ಪನವರಿಗೆ ತಡೆಯಲಾಗಲಿಲ್ಲ.

"ದಂಡ ಬ್ಯಾಡ್ರಿ ಸಾಹೇಬ್ರ. ಬಹುಮಾನ ಇಟ್ಟು ನೋಡ್ರಿ. ನಮ್ಮನ್ಯಾಗ ಪ್ರಯೋಗ ಮಾಡೀನಿ. ನನ್ನ ಮಗಳಿಗೆ ಈಗ ಸುಳ್ಳು ಅಂದ್ರ ಏನಂತ ಗೊತ್ತಿಲ್ಲ!"

"ಹೌದಾ?" ಅಂದರು ರಾಯರು. "ನಾ ಕಣ್ಣಾರೆ ನೋಡದ ಹೊರತು ಏನೂ ನಂಬೂದಿಲ್ಲ. ಬರೋ ಆದಿತ್ಯವಾರ ನಮ್ಮಾಕಿನ್ನ ಕರಕೊಂಡು ನಿಮ್ಮನಿಗೆ ಬರ್ತೀನಿ. ಖರೇ ಇದ್ರ ದಂಡದ ವಿಚಾರ ಬಿಡ್ತೀನಿ."

ಹೀಗೆ ಇಡೀ ಬೆಳಗಿನ ಪಾಳಿಯ ಹಣೆಬರಹ ಮೂರನೆಯ ಇಯತ್ತೆಯ ಹುಡುಗಿಯ ನಾಲಿಗೆಯ ಮೇಲೆ ಬಂದು ಕೂತಿತು.

ಶನಿವಾರ ಸಂಜೆ ನಿಜಲಿಂಗಪ್ಪನವರು ರೇಣುವನ್ನು ತೊಡೆಯ ಮೇಲೆ ಕೂಡಿಸಿಕೊಂಡರು. ಅವರ ಎದೆಯೊಳಗೆ ಒಂದು ಭಯ ಹೊಕ್ಕಿತ್ತು. ಈ ಹುಡುಗಿ ಖರೇ ಹೇಳಿದರೆ ಜಂಪರು, ಚಷ್ಮಾ, ಟಿವಿ ಎಲ್ಲ ಹೊರಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ತಾವು ಊಟಕ್ಕೆ ಕೂತಾಗ ಸಾಹೇಬರ ಬಗ್ಗೆ ಆಡಿದ ಮಾತುಗಳೂ ಹೊರಬರುತ್ತವೆ!

"ಪುಟ್ಟಿ, ನಾಳೆ ಸಾಹೇಬ್ರು ಬರ್ತಾರ. ಅವರ ಮುಂದ ಎಲ್ಲಾ ಹೇಳಬ್ಯಾಡ."

"ಸುಳ್ಳು ಹೇಳಲೇನು?"

"ಛೇ ಛೇ, ಸುಳ್ಳಲ್ಲ. ಸುಮ್ಮನಿರು."

"ಸುಮ್ಮನಿದ್ರ ಖರೇನೋ ಸುಳ್ಳೋ?"

"ಎರಡೂ ಅಲ್ಲ."

"ಹಂಗಾರ ಏನು ಸಿಗತದ?"

"ಪೂರಾ ಡಬ್ಬಿ!" ಅಂದುಬಿಟ್ಟರು ನಿಜಲಿಂಗಪ್ಪ.

ರೇಣು ಹಿಗ್ಗಲಿಲ್ಲ. ಅಪ್ಪನ ಅಂಗಿಯ ಗುಂಡಿ ತಿರುವಿದಳು. ಆಮೇಲೆ, "ಅಪ್ಪಾ, ನನಗ ತಿಳೀವಲ್ತು. ಖರೇ ಹೇಳೋದು ಚೊಲೋದೋ, ಕೆಟ್ಟದೋ?" ಎಂದು ಕೇಳಿದಳು. ಆ ದನಿಯಲ್ಲಿ ಚೇಷ್ಟೆ ಇರಲಿಲ್ಲ. ನಿಜಲಿಂಗಪ್ಪನವರು ಉತ್ತರಕ್ಕಾಗಿ ಹೆಂಡತಿಯ ಮುಖ ನೋಡಿದರು. ಹೆಂಡತಿ ಸೀಲಿಂಗ್ ಫ್ಯಾನು ನೋಡಿದಳು.

ಆದಿತ್ಯವಾರ ಬಂತು. ಬಿಂದುಮಾಧವರಾಯರೂ ಬಂದರು. ಜೊತೆಗೆ ಹೆಂಡತಿ ಅಂಬಾಬಾಯಿ, ನಗುಮುಖದ ಹೆಂಗಸು, ಆದರೆ ಮಾತೇ ಕಡಿಮೆ. ಕಡಿಮೆ ಯಾಕೆಂಬುದು ಹತ್ತು ನಿಮಿಷದಲ್ಲಿ ಎಲ್ಲರಿಗೂ ತಿಳಿಯಿತು. ರಾಯರು ಒಮ್ಮೆ ಶುರು ಮಾಡಿದರೆ ನಡುವೆ ಸೂಜಿ ತೂರಿಸಲಿಕ್ಕೂ ಜಾಗ ಇರುತ್ತಿರಲಿಲ್ಲ. ಉಪ್ಪಿಟ್ಟು ಆರಿತು, ಚಹಾ ಕೆನೆಗಟ್ಟಿತು. ಶಿಸ್ತು, ವೇಳೆ, ಜಪಾನು ಎಲ್ಲ ಮುಗಿದ ಮೇಲೆ ರಾಯರು ರೇಣುವಿನ ಕಡೆ ತಿರುಗಿದರು.

"ಏನವಾ ಮರಿ, ಖರೇ ಹೇಳಿದ್ರ ಏನು ಸಿಗತದ?"

"ಪೇಢಾ."

"ಭೇಷ್! ಸುಳ್ಳು ಹೇಳಿದ್ರ?"

"ಕಾರ್ಟೂನು."

ರಾಯರ ಹುಬ್ಬು ಮೇಲೆ ಹೋಯಿತು. "ಮತ್ತ ಸುಮ್ಮನಿದ್ರ?"

"ಇವತ್ತೊಂದಿನ ಸುಮ್ಮನಿದ್ರ ಪೂರಾ ಡಬ್ಬಿ!"

ಅಂಬಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ನಿಜಲಿಂಗಪ್ಪನವರು ನಗಲಿಕ್ಕೆ ಪ್ರಯತ್ನಿಸಿದರು, ಬಂದದ್ದು ಬಿಕ್ಕಳಿಕೆ.

"ಯಾವ ಮಾತಿಗೆ ಸುಮ್ಮನಿರಬೇಕಂತ?" ರಾಯರು ಬಿಡಲಿಲ್ಲ.

ರೇಣು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಡಬ್ಬಿಯ ಬಹುಮಾನ ಎಷ್ಟು ಪ್ರಬಲವೆಂದರೆ ಹುಡುಗಿ ಉಸಿರಾಡಲೂ ಹೆದರಿದಳು. ಇಲಿಯ ಸಿದ್ಧಾಂತ ಜೀವಮಾನದಲ್ಲಿ ಮೊದಲ ಬಾರಿಗೆ ಸರಿಯಾಗಿ ಕೆಲಸ ಮಾಡುತ್ತಿತ್ತು! ನಿಜಲಿಂಗಪ್ಪನವರು ಮನಸ್ಸಿನಲ್ಲೇ ಮಗಳ ದೃಷ್ಟಿ ತೆಗೆದರು. ಆದರೆ ಒಂದು ಮರೆತಿದ್ದರು. ಡಬ್ಬಿಯ ಮಾತು ಆಗಿದ್ದು ಮಗಳ ಜೊತೆ ಮಾತ್ರ, ಅವ್ವನ ಜೊತೆ ಆಗಿರಲಿಲ್ಲ. ಮತ್ತು ನೀಲಿಮಾ ಅತಿಥಿಗಳಿಗೆಂದು ತಟ್ಟೆ ತುಂಬ ಪೇಢಾ ತಂದಿಟ್ಟದ್ದು ಸರಿಯಾಗಿ ಕಾಶವ್ವನ ಮೂಗಿನ ಕೆಳಗೆ.

"ನಾ ಹೇಳಲೇನ್ರಿ ಸಾಹೇಬ್ರ?" ಅಂದಳು ಕಾಶವ್ವ, ತಟ್ಟೆಯನ್ನೇ ನೋಡುತ್ತ. "ನಾ ಹೇಳಿದ್ರೂ ಪೇಢಾ ಕೊಡಬೇಕ್ರಿ, ಈ ಮನ್ಯಾಗ ಹಂಗ ಕಾಯ್ದೆ ಐತಿ."

"ಅವ್ವಾ!" ಅಂದರು ನಿಜಲಿಂಗಪ್ಪ.

"ಹೇಳ್ರಿ, ಹೇಳ್ರಿ," ಅಂದರು ರಾಯರು.

"ನಮ್ಮ ನಿಜಲಿಂಗ ನಿಮಗ 'ಹೆಸರಿಗೆ ಬಿಂದು, ಬಾಯಿ ಬಿಟ್ರ ಸಿಂಧು' ಅಂತಾನ್ರಿ."

ಅಂಬಾಬಾಯಿಯ ಸೆರಗು ಜಾರಿತು, ನಗು ಹೊರಗೆ ಬಿತ್ತು. "ಅಯ್ಯ, ಇಪ್ಪತ್ತು ವರ್ಷದಿಂದ ನಾ ಹುಡುಕಲಿಕತ್ತ ಮಾತು ಇದರೀ!" ಎಂದು ಆಕೆ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಕಾಶವ್ವ ಒಂದು ಪೇಢಾ ಎತ್ತಿಕೊಂಡು ಮುಂದುವರಿಸಿದಳು.

"ಮತ್ತ ಮೊನ್ನೆ ಇಂವ ತಡಾ ಮಾಡಿ ಬಂದ, 'ಲೋಕಲ್ ಬಂದ್ ಇತ್ತು' ಅಂತ ಹೇಳಿದ್ನಲ್ರಿ. ಲೋಕಲ್ ಬಂದ್ ಇರಲಿಲ್ರಿ. ಲೋಕಲ್ ಬಂದಿತ್ತು. ಇವನ ಎದ್ದಿರಲಿಲ್ಲ!"

ಇನ್ನೊಂದು ಪೇಢಾ ಹೋಯಿತು. ಆಮೇಲೆ ಜಂಪರು ಬಂತು, ಚಷ್ಮಾ ಬಂತು, ಸಾವಂತ್ರವ್ವನ ಟಿವಿ ಬಂತು. ನೀಲಿಮಾ ತಟ್ಟೆ ಕಸಿದುಕೊಂಡು ಒಳಗೆ ಓಡಿದ ಮೇಲೆ ಸತ್ಯದ ಒರತೆ ನಿಂತಿತು.

ಮಾತಿನ ಸಮುದ್ರ ಒಮ್ಮೆಲೇ ಬತ್ತಿತು. ರಾಯರು ಎದ್ದು, ಚಪ್ಪಲಿ ಮೆಟ್ಟಿ, "ನಾಳೆ ಆಫೀಸಿನ್ಯಾಗ ಭೆಟ್ಟಿ ಆಗ್ರಿ" ಎಂದಷ್ಟೇ ಹೇಳಿ ಹೋದರು.

ನಿಜಲಿಂಗಪ್ಪನವರು ಕುರ್ಚಿಯಲ್ಲಿ ಕುಸಿದರು. ನೌಕರಿ ಹೋಯಿತೋ, ದಂಡ ದುಪ್ಪಟ್ಟಾಯಿತೋ, ಏನೂ ತಿಳಿಯದು. ಆದರೂ ಕೊಟ್ಟ ಮಾತು ಮಾತೇ. ಡಬ್ಬಿ ಇಳಿಸಿ ಮಗಳ ಕೈಗೆ ಕೊಟ್ಟರು. ರೇಣು ಅದನ್ನು ನೋಡಿ, ಮುಖ ಕಿವುಚಿ, ಅವರಿಗೇ ತಿರುಗಿ ಕೊಟ್ಟಳು.

"ಖರೇ ಹೇಳಲೇನಪ್ಪಾ? ನನಗ ಪೇಢಾ ಬ್ಯಾಸರಾಗ್ಯಾವ. ವಾಸನಿ ಬಂದ್ರ ಸಾಕು, ವಾಂತಿ ಬಂದಂಗ ಆಗತದ."

"ಮತ್ತ ಈಗ ಖರೇ ಯಾಕ ಹೇಳಿದಿ?" ಅಂದಳು ನೀಲಿಮಾ ಬಾಗಿಲಲ್ಲಿ ನಿಂತು.

ರೇಣು ಭುಜ ಹಾರಿಸಿದಳು. "ಹಂಗ ಸುಮ್ಮನ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಳು ಸಿಕ್ಕಿಲ್ಲ, ಕರೆಂಟು ಹೊಡೆದಿಲ್ಲ, ಇಲಿ ತಾನಾಗಿ ಗುಂಡಿ ಒತ್ತಿದೆ! ಇದಕ್ಕೆ ಧಾರವಾಡದ ಮಾಸ್ತರರ ಹತ್ತಿರವೂ, ಲೋಣಾವಳಾದ ಮಹಾಶಯರ ಹತ್ತಿರವೂ ಉತ್ತರ ಇದ್ದಂತಿರಲಿಲ್ಲ. ಅಂದೇ ಎರಡೂ ಸರ್ಕಾರಗಳು ಬಿದ್ದವು. ಮುಂದೆ ರೇಣು ಒಂದೊಂದು ದಿನ ಖರೇ ಹೇಳಿದಳು, ಒಂದೊಂದು ದಿನ ಸುಳ್ಳು ಹೇಳಿದಳು. ಯಾವ ದಿನ ಯಾವುದು, ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ಸಾವಂತ್ರವ್ವನ ಮನೆಗೆ ಮಾತ್ರ ದಿನಾಲು ಹೋದಳು, ಅದಕ್ಕೆ ತಪ್ಪು ಬೇಕಾಗಲಿಲ್ಲ.

ಸೋಮವಾರ ನಿಜಲಿಂಗಪ್ಪನವರು ಹಣೆಗೆ ಎಂದಿಗಿಂತ ಅಗಲವಾಗಿ ವಿಭೂತಿ ಹಚ್ಚಿಕೊಂಡು ರಾಯರ ಖೋಲಿಗೆ ಹೋದರು.

"ಕೂಡ್ರಿ," ಅಂದರು ರಾಯರು. "ನಿನ್ನೆ ಪೂರಾ ವಿಚಾರ ಮಾಡಿದೆ. ನಮ್ಮಾಕಿ ಇಪ್ಪತ್ತು ವರ್ಷದಾಗ ಅಷ್ಟು ನಕ್ಕಿದ್ದು ನಾ ನೋಡಿಲ್ಲ. ನಿಮ್ಮ ತಾಯಿ ಖರೇ ಹೇಳಿದ್ರು. ಖರೇಕ್ಕ ಬಹುಮಾನ ಕೊಡಬೇಕು ಅಂತ ನಿಮ್ಮ ಸಿದ್ಧಾಂತ ಅದಲ್ಲ?"

"ಅದ... ಅದರೀ..."

"ಹಂಗಾರ ತಗೋರಿ. ತಡಕ್ಕ ದಂಡಾ ಇವತ್ತಿನಿಂದ ರದ್ದು. ವೇಳೇಕ್ಕ ಬಂದ ಪ್ರತಿ ಕಾಮಗಾರಗೂ ಗೇಟಿನ್ಯಾಗ ಒಂದು ಪೇಢಾ. ಕಂಪನಿ ಖರ್ಚು. ನಿಮ್ಮನ್ನ ಪ್ರೋತ್ಸಾಹನ ಅಧಿಕಾರಿ ಅಂತ ಮಾಡೀನಿ. ಅಭಿನಂದನೆಗಳು!"

ನಿಜಲಿಂಗಪ್ಪನವರ ಎದೆ ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿತು. "ಭಾಳ ಉಪಕಾರ ಆತ್ರಿ ಸಾಹೇಬ್ರ! ಕೆಲಸ ಏನ್ರಿ?"

"ಬೆಳಗಿನ ಪಾಳಿಗಿಂತ ಮೊದಲ ಗೇಟಿಗೆ ಬಂದು ನಿಂತು, ಎಲ್ಲಾರಿಗೂ ನಗುನಗತಾ ಪೇಢಾ ಹಂಚೋದು. ದಿನಾ."

"ಪಗಾರ?"

"ಈಗ ಇದ್ದಷ್ಟ ಪಗಾರ. ಮತ್ತ ನಿಮಗ ಬೇಗ ಏಳೋ ಅಭ್ಯಾಸನೂ ಆಗತದ. ಲೋಕಲ್ ಬಂದ್ ಇರೂದಿಲ್ಲಲ್ಲ?"

ರಾಯರ ಮುಖದ ಮೇಲೆ ನಗು ಇತ್ತು. ಅದು ಪ್ರೀತಿಯದೋ ಸೇಡಿನದೋ? ಇದು ಬಡ್ತಿಯೋ ಶಿಕ್ಷೆಯೋ? ಸಂಜೆ ಖಡಕಿಯವರೆಗೂ ಲೋಕಲ್ಲಿನಲ್ಲಿ ನಿಂತು ಯೋಚಿಸಿದರೂ ಬಗೆಹರಿಯಲಿಲ್ಲ. ಮನೆಯಲ್ಲಿ ಕೇಳಿದರೆ ಕಾಶವ್ವ "ನಿನ್ನ ಪುಣ್ಯಾ ತಮ್ಮಾ, ದಿನಾ ಪೇಢಾ!" ಅಂದಳು. ನೀಲಿಮಾ "ನಿಮ್ಮ ಕರ್ಮಾರೀ, ದಿನಾ ನಸುಕಿನ್ಯಾಗ ಏಳಬೇಕು!" ಅಂದಳು. ಎರಡೂ ಸರಿಯೆನಿಸಿ ನಿಜಲಿಂಗಪ್ಪನವರ ಗೊಂದಲ ದುಪ್ಪಟ್ಟಾಯಿತು.

ಮರುದಿನ ಕೋಳಿ ಏಳುವ ಮೊದಲೇ ನಿಜಲಿಂಗಪ್ಪನವರು ಎದ್ದರು. ರಾತ್ರಿಯೇ ತಂದಿಟ್ಟಿದ್ದ ಪೇಢಾದ ಎರಡು ದೊಡ್ಡ ಪೆಟ್ಟಿಗೆಗಳನ್ನು ಕೈಗೊಂದರಂತೆ ಹಿಡಿದು ಮೊದಲ ಲೋಕಲ್ ಹಿಡಿದರು. ಕಿಟಕಿಯ ಸೀಟೂ ಸಿಕ್ಕಿತು. ಹಾಗೆ ಸಿಕ್ಕದ್ದೇ ಅನರ್ಥಕ್ಕೆ ಮೂಲ. ಪಿಂಪರಿಯ ತನಕ ಭಾಷಣ ಹೊಂದಿಸಿಕೊಂಡರು. ಆಕುರ್ಡಿಯಲ್ಲಿ ತಣ್ಣನೆಯ ಗಾಳಿ ಬೀಸಿತು. ದೇಹುರೋಡ್ ಬಂದದ್ದು ಅರ್ಧ ನೆನಪಿತ್ತು. ಕಣ್ಣು ತೆರೆದಾಗ ಹೊರಗೆ ಹೊಲ, ಗುಡ್ಡ, ಮಂಜು, ಬೋರ್ಡಿನ ಮೇಲೆ ಕಾಮಶೇತ್!

ಇಳಿಯಬೇಕಾಗಿದ್ದ ತಳೇಗಾಂವ ಹಿಂದೆ ಹೋಗಿ ಯಾವ ಕಾಲವಾಗಿತ್ತೋ. ತಿರುಗಿ ಹೋಗುವ ಲೋಕಲ್ ಇನ್ನೂ ದೂರವಿತ್ತು. ರಸ್ತೆಗೆ ಓಡಿ, ಕೈ ಅಡ್ಡ ಹಾಕಿ, ಹಾಲಿನ ಕ್ಯಾನಿನ ಟೆಂಪೋ ಹತ್ತಿದರು. ಕ್ಯಾನುಗಳು ಒಂದೊಂದು ತಿರುವಿಗೂ ಅವರನ್ನು ಅಪ್ಪಿಕೊಂಡವು. ಇಳಿದಾಗ ಪೆಟ್ಟಿಗೆ ಎರಡೂ ಚಪ್ಪಟೆಯಾಗಿ, ಒಳಗಿನ ಪೇಢಾಗಳೆಲ್ಲ ಭೇದಭಾವ ಮರೆತು ಒಂದೇ ಮುದ್ದೆಯಾಗಿದ್ದವು.

ಕಾರ್ಖಾನೆಯ ಗೇಟಿನ ಹತ್ತಿರ ಜಾತ್ರೆ ಸೇರಿದಂತೆ ಮಂದಿ. ಪಾಳಿ ಶುರುವಾಗುವ ಭೋಂಗಾ ಕೂಗಿ ಬಹಳ ಹೊತ್ತಾಗಿತ್ತು. ಬೆಳಗಿನ ಪಾಳಿಯ ಒಬ್ಬನೂ ಒಳಗೆ ಹೋಗಿರಲಿಲ್ಲ. ಯಂತ್ರಗಳು ತೆಪ್ಪಗಿದ್ದವು.

"ಸಾಹೇಬ, ಪೇಢೇ ಕುಠೇ? ಆಮ್ಹಿ ವೇಳೇವರ್ ಆಲೋ!" ಎಂದು ಎಲ್ಲರೂ ಒಂದೇ ದನಿಯಲ್ಲಿ ಕೂಗಿದರು. ಪೇಢಾ ಎಲ್ಲಿ, ನಾವು ವೇಳೆಗೆ ಸರಿಯಾಗಿ ಬಂದಿದ್ದೇವೆ! ಬಂದದ್ದೇನೋ ನಿಜ. ಕಾರ್ಖಾನೆ ಹುಟ್ಟಿದಾಗಿನಿಂದ ಇಷ್ಟು ಮಂದಿ ಇಷ್ಟು ಬೇಗ ಬಂದಿರಲಿಲ್ಲ. ಆದರೆ ಒಳಗೆ ಹೋದರೆ ಗೇಟಿನ ಪೇಢಾ ತಪ್ಪೀತೆಂದು ಎಲ್ಲರೂ ಗೇಟಿನಲ್ಲೇ ಬೇರು ಬಿಟ್ಟಿದ್ದರು.

ಮಂದಿಯ ನಡುವೆ ದಾರಿ ಮಾಡಿಕೊಂಡು ಬಿಂದುಮಾಧವರಾಯರು ಬಂದರು. ಗಡಿಯಾರ ನೋಡಿದರು. ಪೆಟ್ಟಿಗೆ ನೋಡಿದರು. ಹಾಲು, ಪೇಢಾ, ಬೆವರು ಮೂರೂ ಅಂಟಿದ್ದ ತಮ್ಮ ಪ್ರೋತ್ಸಾಹನ ಅಧಿಕಾರಿಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

"ನಿಜಲಿಂಗಪ್ಪ, ಇವತ್ತ ಇಡೀ ಕಾರ್ಖಾನ್ಯಾಗ ತಡಾ ಮಾಡಿ ಬಂದವರು ಒಬ್ಬರ ಒಬ್ಬರು. ಈಗ ನೀವ ಹೇಳ್ರಿ. ದಂಡಾ ಹಾಕ್ಲೋ, ಬಹುಮಾನ ಕೊಡ್ಲೋ?"

ನಿಜಲಿಂಗಪ್ಪನವರು ಎರಡೂ ಪೆಟ್ಟಿಗೆ ನೆಲಕ್ಕಿಟ್ಟು, ಅಂಟಂಟಾದ ಕೈ ಜೋಡಿಸಿದರು.

"ದಂಡಾನ ಹಾಕ್ರಿ ಸಾಹೇಬ್ರ! ಇನ್ನೊಂದು ಬಹುಮಾನ ತಡಕೊಳ್ಳೋ ತ್ರಾಣ ನನಗ ಉಳದಿಲ್ಲ!"